ಹಳೆ ಕುರ್ಚಿಗೆ ಏನು ಹಚ್ಚೋಣ: ಅರಗಿನ ಪಾಲಿಶ್, ಎಣ್ಣೆ, ವಾರ್ನಿಶ್ ಅಥವಾ ಪೇಂಟ್?

ಮನೆಯಲ್ಲಿ ಒಂದು ಹಳೆ ಈಸಿ ಚೇರ್ ಇದೆ. ಮರ ಗಟ್ಟಿಯಾಗಿದೆ, ಪಾಲಿಶ್ ಮಾತ್ರ ಹೋಗಿದೆ. ಕೈ ಇಡುವ ಜಾಗ ಕಪ್ಪಾಗಿದೆ. ಮಾರಲು ಮನಸ್ಸಿಲ್ಲ, ಹಾಗೇ ಇಡಲೂ ಬೇಸರ. ರಜೆಯಲ್ಲಿ ನಾವೇ ಕೂತು ಸರಿಮಾಡೋಣ ಅಂತ ಹೊರಟರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಡಗಿ ಪಿಯು (ಪಾಲಿಯುರೇಥೇನ್ ಅನ್ನುವ ಗಟ್ಟಿ ಲೇಪ) ಹೊಡೆಸಿ ಅನ್ನುತ್ತಾರೆ. ಅಂಗಡಿಯವರು ವಾರ್ನಿಶ್ ಡಬ್ಬಿ ಕೈಗೆ ಕೊಡುತ್ತಾರೆ. ಯೂಟ್ಯೂಬ್ ನೋಡಿದ ಮಗಳು ಬಿಳಿ ಪೇಂಟ್ ಬಳಿಯೋಣ ಅನ್ನುತ್ತಾಳೆ. ಅಜ್ಜಿ ಎಣ್ಣೆ ಸವರಿದರೆ ಸಾಕು ಅನ್ನುತ್ತಾರೆ. ಇವರು ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಎಲ್ಲರ ಮಾತೂ ಎಲ್ಲ ಸಾಮಾನಿಗೂ ಹೊಂದುವುದಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ತೇಗ, ಬೀಟೆ, ಹಲಸಿನಂಥ ಒಳ್ಳೆ ಮರಕ್ಕೆ, ನಾಳೆ ಬೇಡ ಅನಿಸಿದರೆ ಸುಲಭವಾಗಿ ತೆಗೆಯಲು ಬರುವಂಥದ್ದನ್ನೇ ಹಚ್ಚಬೇಕು. ಮಿಕ್ಕ ಲೆಕ್ಕಾಚಾರವೆಲ್ಲ ಆಮೇಲೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ಈಗ ಹೇಳಿದ್ದೇ: ಹಚ್ಚಿದ್ದನ್ನು ತೆಗೆಯಲು ಬರುತ್ತದಾ? ಒಂದು ಕಡೆ ಗೀರು ಬಿದ್ದರೆ ಅಷ್ಟೇ ಜಾಗವನ್ನು ಸರಿಮಾಡಬಹುದಾ, ಇಲ್ಲಾ ಇಡೀ ಕುರ್ಚಿ ಕೆರೆಯಬೇಕಾ?

ಎರಡನೆಯದು ಬಳಕೆ. ದಿನಕ್ಕೆ ಮೂರು ಹೊತ್ತು ಬಿಸಿ ಪಾತ್ರೆ ಇಡುವ ಊಟದ ಮೇಜು ಬೇರೆ, ಹಜಾರದ ಮೂಲೆಯಲ್ಲಿರುವ ಕುರ್ಚಿ ಬೇರೆ. ನೀರು, ಬಿಸಿ, ಬಿಸಿಲು ಇವುಗಳಲ್ಲಿ ಯಾವುದು ನಿಮ್ಮ ಸಾಮಾನಿಗೆ ಜಾಸ್ತಿ ತಗಲುತ್ತದೆ ಅಂತ ನೋಡಿ.

ಮೂರನೆಯದು ಜಾಗ. ಹಿತ್ತಲೋ ತಾರಸಿಯೋ ಇದ್ದವರಿಗೆ ಧೂಳು, ವಾಸನೆ ದೊಡ್ಡ ವಿಷಯವಲ್ಲ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಅದರಲ್ಲೂ ಚಿಕ್ಕ ಮಕ್ಕಳಿದ್ದರೆ, ಇದೇ ಮುಖ್ಯ.

ನಾಲ್ಕನೆಯದನ್ನು ಜನ ಯೋಚಿಸುವುದೇ ಕಡಿಮೆ. ಕೆಲಸ ಮಾಡುತ್ತಾ ಮನಸ್ಸಿಗೆ ಹಿತವಾಗುತ್ತದಾ? ಅರ್ಧಕ್ಕೆ ಬಿಟ್ಟು ನಾಳೆ ಮುಂದುವರಿಸಬಹುದಾ? ಆಫೀಸಿನಿಂದ ಬಂದು ಸಂಜೆ ಒಂದು ಗಂಟೆ ಕೂರುವವರಿಗೆ, ಒಂದೇ ಉಸಿರಿಗೆ ಮುಗಿಸಲೇಬೇಕಾದ ಕೆಲಸ ತಲೆನೋವು.

ಖರ್ಚನ್ನು ಕೊನೆಗೆ ಇಟ್ಟಿದ್ದೇನೆ. ಮನೆಯಲ್ಲೇ ಮಾಡಿಕೊಂಡರೆ ಕೆಳಗಿನ ಬಹುತೇಕ ದಾರಿಗಳು ಒಂದು ಕುರ್ಚಿಗೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತವೆ. ಕೆಲಸ ಬೇರೆಯವರಿಗೆ ಕೊಟ್ಟಾಗ ಮಾತ್ರ ವ್ಯತ್ಯಾಸ ದೊಡ್ಡದಾಗುತ್ತದೆ.

ಈಗ ಮೇಲೆ ಏನಿದೆ?

ಏನಾದರೂ ಕೊಳ್ಳುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಕುರ್ಚಿಯನ್ನು ಬೋರಲು ಹಾಕಿ, ಕಣ್ಣಿಗೆ ಬೀಳದ ಒಂದು ಜಾಗ ಆರಿಸಿ. ಪಾಲಿಶ್ ಮಾಡುವವರು ಬಳಸುವ ಸ್ಪಿರಿಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹತ್ತಿಯನ್ನು ಅದರಲ್ಲಿ ಅದ್ದಿ, ಆ ಜಾಗದ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೇಲ್ಮೈ ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಹತ್ತಿದರೆ ಅದು ಅರಗಿನ ಪಾಲಿಶ್. ಏನೂ ಆಗದಿದ್ದರೆ ಥಿನ್ನರ್‌ನಲ್ಲಿ ಇನ್ನೊಂದು ಹತ್ತಿ ಅದ್ದಿ ಒತ್ತಿ. ಅದಕ್ಕೆ ಕರಗಿದರೆ ಲ್ಯಾಕರ್, ಅಂದರೆ ಥಿನ್ನರ್‌ನಲ್ಲಿ ಬೆರೆಸಿ ಹಚ್ಚುವ ಹೊಳಪಿನ ಲೇಪ. ಎರಡಕ್ಕೂ ಜಗ್ಗದಿದ್ದರೆ ಪಿಯು, ಮೆಲಮೈನ್ (ಇದೂ ಪಿಯುನಂಥ ಗಟ್ಟಿ ಲೇಪ) ಅಥವಾ ಗಟ್ಟಿ ವಾರ್ನಿಶ್ ಇರಬೇಕು. ಒಂದು ಹನಿ ನೀರು ಬಿಟ್ಟ ಕೂಡಲೇ ಮರ ಹೀರಿಕೊಂಡರೆ ಮೇಲೆ ಏನೂ ಉಳಿದಿಲ್ಲ ಅಂತ ಅರ್ಥ.

ಹಾಗೇ ಕಾಲಿನ ಹತ್ತಿರ ಹಿಟ್ಟಿನಂಥ ಪುಡಿ ಬಿದ್ದಿದೆಯಾ, ಸೂಜಿ ಮೊನೆಯಷ್ಟು ಸಣ್ಣ ತೂತುಗಳಿವೆಯಾ ನೋಡಿ. ಇದ್ದರೆ ಮರ ಕೊರೆಯುವ ಹುಳ ಸೇರಿದೆ. ಮೊದಲು ಅದಕ್ಕೆ ಮದ್ದು, ಆಮೇಲೆ ಪಾಲಿಶ್. ಇನ್ನೊಂದು ವಿಷಯ: ಕೆಲವು ಮೇಜುಗಳ ಮೇಲೆ ತೇಗ ಕಾಣುತ್ತದೆ, ಒಳಗೆ ಪ್ಲೈವುಡ್ ಇರುತ್ತದೆ. ಅಂಚಿನಲ್ಲಿ ಮರದ ಗೆರೆ ತಟ್ಟನೆ ನಿಂತರೆ ಅದು ವೆನೀರ್. ಅದರ ದಪ್ಪ ಒಂದು ಮಿಲಿಮೀಟರೂ ಇರುವುದಿಲ್ಲ. ಸ್ಯಾಂಡ್ ಪೇಪರ್ ಜೋರಾಗಿ ಉಜ್ಜಿದರೆ ತೇಗ ಹೋಗಿ ಪ್ಲೈವುಡ್ ಕಾಣುತ್ತದೆ, ಆಮೇಲೆ ಅದಕ್ಕೆ ದಾರಿಯಿಲ್ಲ.

ಬರೀ ತೊಳೆದು ಮೇಣ ಹಚ್ಚುವುದು

ಎಷ್ಟೋ ಕುರ್ಚಿಗಳಿಗೆ ಇಷ್ಟೇ ಸಾಕು. ಪಾಲಿಶ್ ಹೋಗಿದೆ ಅಂದುಕೊಂಡಿದ್ದು ಹಲವು ಸಲ ಬರೀ ಕೊಳೆ. ತಲೆಗೆ ಹಚ್ಚಿದ ಎಣ್ಣೆ, ಕೈ ಬೆವರು, ಅಡುಗೆಮನೆಯ ಹೊಗೆ ಸೇರಿ ಕಪ್ಪು ಪದರ ಕಟ್ಟಿರುತ್ತದೆ. ಉಗುರು ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಒರೆಸಿ. ಅದಕ್ಕೂ ಹೋಗದ ಜಿಡ್ಡನ್ನು ಟರ್ಪೆಂಟೈನ್ ಹಾಕಿದ ಬಟ್ಟೆ ಎತ್ತುತ್ತದೆ.

ಆಮೇಲೆ ಜೇನುಮೇಣ. ಒಂದು ಪಾಲು ಮೇಣಕ್ಕೆ ಮೂರು ಪಾಲು ಟರ್ಪೆಂಟೈನ್. ಮೇಣದ ಬಟ್ಟಲನ್ನು ಬಿಸಿ ನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ಒಲೆ ಆರಿಸಿ, ಬಟ್ಟಲನ್ನು ದೂರ ತಂದ ಮೇಲೆ ಮಾತ್ರ ಟರ್ಪೆಂಟೈನ್ ಸೇರಿಸಿ. ಆರಿದಾಗ ಮುಲಾಮಿನ ಹದಕ್ಕೆ ಬರುತ್ತದೆ. ತೆಳ್ಳಗೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಮೆತ್ತನೆ ಬಟ್ಟೆಯಿಂದ ಉಜ್ಜಿದರೆ ಹಿತವಾದ ಹೊಳಪು ಬರುತ್ತದೆ.

ನೀರು, ಬಿಸಿಯಿಂದ ಮೇಣ ಹೆಚ್ಚೇನೂ ಕಾಪಾಡುವುದಿಲ್ಲ. ವರ್ಷಕ್ಕೆ ಒಂದೆರಡು ಸಲ ಮತ್ತೆ ಹಚ್ಚಬೇಕು. ಆದರೆ ಇದರಿಂದ ಕೆಡುವುದು ಏನೂ ಇಲ್ಲ. ಅನುಮಾನವಿದ್ದವರು ಇಲ್ಲಿಂದಲೇ ಶುರುಮಾಡಲಿ. ಇಷ್ಟಕ್ಕೇ ಕುರ್ಚಿ ಕಳೆಗಟ್ಟಿದರೆ ಮುಂದಿನ ಖರ್ಚೇ ಉಳಿಯಿತು, ಅಲ್ವಾ? ಒಂದೇ ಎಚ್ಚರಿಕೆ: ಮೇಣದ ಮೇಲೆ ಬೇರೇನೂ ಹಿಡಿಯುವುದಿಲ್ಲ. ಮುಂದೆ ಪಾಲಿಶ್ ಮಾಡಬೇಕೆಂದರೆ ಟರ್ಪೆಂಟೈನ್‌ನಿಂದ ಮೇಣವನ್ನು ಪೂರ್ತಿ ತೆಗೆಯಬೇಕು.

ಅರಗಿನ ಪಾಲಿಶ್

ನನಗೆ ತುಂಬಾ ಇಷ್ಟವಾದದ್ದು ಇದು. ಮುತ್ತುಗ, ಬೋರೆಯಂಥ ಮರಗಳ ರೆಂಬೆಗಳ ಮೇಲೆ ಅರಗಿನ ಹುಳ ಕಟ್ಟುವ ಅಂಟನ್ನು ಶುದ್ಧಮಾಡಿ ತೆಳ್ಳನೆ ಚಕ್ಕೆ ಮಾಡುತ್ತಾರೆ. ಅಂಗಡಿಯಲ್ಲಿ ಚಪ್ಡಾ ಅಂದರೂ ಸಿಗುತ್ತದೆ, ಶೆಲ್ಲಾಕ್ ಅಂದರೂ ಸಿಗುತ್ತದೆ. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವುದೂ ಇದೇ ಅರಗು. ಅಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅದು ಕರಗಿ ಹಿಡಿಯುತ್ತದೆ. ಕುರ್ಚಿಗಾದರೆ ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುತ್ತೇವೆ.

ಒಂದು ಲೀಟರ್ ಸ್ಪಿರಿಟ್‌ಗೆ 120 ರಿಂದ 150 ಗ್ರಾಂ ಚಪ್ಡಾ ಲೆಕ್ಕ. ಒಂದು ಕುರ್ಚಿಗೆ ಕಾಲು ಲೀಟರ್ ಸಾಕು. ಗಾಜಿನ ಬಾಟಲಿಯಲ್ಲಿ ಹಾಕಿ ಮುಚ್ಚಿಟ್ಟು ಆಗಾಗ ಅಲ್ಲಾಡಿಸಿದರೆ ಮರುದಿನಕ್ಕೆ ಕರಗಿರುತ್ತದೆ. ಕಬ್ಬಿಣದ ಡಬ್ಬಿ ಬೇಡ, ಅರಗು ಕಪ್ಪಾಗುತ್ತದೆ. ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಬೇಕಾದಷ್ಟೇ ಮಾಡಿಕೊಳ್ಳಿ. ತಿಂಗಳುಗಟ್ಟಲೆ ಇಟ್ಟ ಅರಗು ಗಟ್ಟಿಯಾಗಿ ಒಣಗುವುದಿಲ್ಲ. ಹಳೆಯದಾಗಿದ್ದರೆ ಗಾಜಿನ ಮೇಲೆ ಒಂದು ಹನಿ ಸವರಿ ನೋಡಿ. ಮರುದಿನವೂ ಬೆರಳಿಗೆ ಅಂಟಿದರೆ ಚೆಲ್ಲಿಬಿಡಿ.

ಹಚ್ಚುವ ರೀತಿಯಲ್ಲೇ ಇದರ ಸುಖ ಇರುವುದು. ಹತ್ತಿಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಮಾಡಿ, ಹಳೆ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ, ತುದಿ ತಿರುಚಿ ಹಿಡಿಯಿರಿ. ಅಡಿಭಾಗದಲ್ಲಿ ಒಂದು ಸುಕ್ಕೂ ಇರಬಾರದು. ಉಂಡೆಗೆ ಅರಗು ಕುಡಿಸಿ, ಹಿಂಡಿ, ಮರದ ಗೆರೆಯ ಉದ್ದಕ್ಕೆ ಎಳೆಯಿರಿ. ಮರದ ಮೇಲೆ ಉಂಡೆ ನಿಲ್ಲಲೇಬಾರದು. ಒಂದು ತುದಿಯಿಂದ ಜಾರುತ್ತಾ ಬಂದು, ಇನ್ನೊಂದು ತುದಿಯಿಂದ ಜಾರುತ್ತಾ ಹೋಗಬೇಕು. ನಿಂತರೆ ಅಲ್ಲೇ ಗುರುತು ಬೀಳುತ್ತದೆ. ಸ್ಪಿರಿಟ್ ಬೇಗ ಹಾರುವುದರಿಂದ ಅರ್ಧ ಗಂಟೆ, ಮುಕ್ಕಾಲು ಗಂಟೆಗೆ ಇನ್ನೊಂದು ಪದರ ಹಾಕಬಹುದು. ಮೂರು ನಾಲ್ಕು ಪದರ ಆದಮೇಲೆ ತೀರಾ ನುಣುಪು ಸ್ಯಾಂಡ್ ಪೇಪರ್ ಮೃದುವಾಗಿ ಆಡಿಸಿ, ಮತ್ತೆ ಹಚ್ಚಿ. ಉಂಡೆ ಅಂಟಿದಂತಾದರೆ ಒಂದೇ ಹನಿ ಅಗಸೆ ಎಣ್ಣೆ ಮುಟ್ಟಿಸಿ. ದಿನಕ್ಕೆ ಎರಡು ಮೂರು ಪದರದಂತೆ ವಾರವಿಡೀ ಮಾಡಿದರೂ ಸರಿ, ನಡುವೆ ನಾಲ್ಕು ದಿನ ಬಿಟ್ಟರೂ ಸರಿ. ಹೊಸ ಅರಗು ಹಳೆ ಅರಗನ್ನು ಸ್ವಲ್ಪ ಕರಗಿಸಿ ಅದರೊಳಗೇ ಸೇರಿಕೊಳ್ಳುತ್ತದೆ. ಹಾಗಾಗಿ ಹತ್ತು ವರ್ಷದ ನಂತರ ಗೀರು ಬಿದ್ದರೂ ಅಷ್ಟೇ ಜಾಗಕ್ಕೆ ಹಚ್ಚಿದರೆ ಸಾಕು. ಹಳೆ ಪಾಲಿಶ್ ಅರಗಿನದೇ ಅಂತ ಗೊತ್ತಾದರೆ ಕೆರೆಯುವ ಕೆಲಸವೂ ಹೆಚ್ಚು ಕಡಿಮೆ ಇಲ್ಲವೇ ಇಲ್ಲ.

ಕೊರತೆಗಳೂ ಇವೆ, ಸಣ್ಣವಲ್ಲ. ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಬಳೆ ಮೂಡುತ್ತದೆ. ನೀರು ನಿಂತರೂ ಹಾಗೇ. ಸ್ಯಾನಿಟೈಸರ್ ಚೆಲ್ಲಿದರೆ ಕರಗಿಯೇ ಹೋಗುತ್ತದೆ, ಏಕೆಂದರೆ ಅದರಲ್ಲಿರುವುದೂ ಆಲ್ಕೋಹಾಲ್. ಊಟದ ಮೇಜಿಗೆ ಇದು ಬೇಡ. ಮಳೆಗಾಲದಲ್ಲಿ ಹಚ್ಚಿದರೆ ಗಾಳಿಯ ತೇವಕ್ಕೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈ ಹಾಕದೆ, ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ ಮಾಡುವುದು ಲೇಸು. ಇನ್ನು ಬೆಂಕಿ. ಪಾಂಡವರ ಅರಗಿನ ಮನೆಯ ಕಥೆ ಗೊತ್ತಲ್ವಾ? ಸ್ಪಿರಿಟ್ ಅದಕ್ಕಿಂತ ಬೇಗ ಹತ್ತಿಕೊಳ್ಳುತ್ತದೆ. ದೇವರ ದೀಪ, ಊದಿನಕಡ್ಡಿ, ಒಲೆ ಯಾವುದೂ ಆ ಕೋಣೆಯಲ್ಲಿರಬಾರದು. ಕಿಟಕಿ ತೆರೆದಿರಲಿ. ಸ್ಪಿರಿಟ್ ವಿಷ, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ.

ಅಗಸೆ ಎಣ್ಣೆ

ಇದಕ್ಕಿಂತ ಸುಲಭದ ಕೆಲಸವಿಲ್ಲ. ಬಟ್ಟೆಯಿಂದ ಸವರಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಮರ ಹೀರದೆ ಉಳಿದದ್ದನ್ನು ಪೂರ್ತಿ ಒರೆಸಿ. ಮರುದಿನ ಇನ್ನೊಮ್ಮೆ. ಬೀಟೆಯ ಗೆರೆಗಳು ಎದ್ದು ಕಾಣುತ್ತವೆ, ಮರವನ್ನು ಮುಟ್ಟಿದರೆ ಮರವನ್ನೇ ಮುಟ್ಟಿದಂತಿರುತ್ತದೆ. ಹೊಳಪು ಬೇಡ, ಸಹಜವಾಗಿರಲಿ ಅನ್ನುವವರಿಗೆ ಇದೇ ಸರಿ. ಆದರೆ ಮರ ಬರಿದಾಗಿರಬೇಕು. ಹಳೆ ಪಾಲಿಶ್ ಮೇಲೆ ಸವರಿದ ಎಣ್ಣೆ ಒಳಗೆ ಇಳಿಯುವುದಿಲ್ಲ.

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಹಸಿ ಅಗಸೆ ಎಣ್ಣೆ ಒಣಗಲು ವಾರಗಳೇ ಬೇಕು. ಬಾಯಿಲ್ಡ್ ಅಂತ ಬರೆದಿದ್ದರೆ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ, ಅದು ಒಂದೆರಡು ದಿನಕ್ಕೆ ಒಣಗುತ್ತದೆ. ಕುರ್ಚಿಗೆ ಎರಡನೆಯದು. ಚಪಾತಿ ಮಣೆಯಂಥ ಊಟದ ಸಾಮಾನಿಗೆ ಅದು ಬೇಡ. ತಿನ್ನುವ ಅಗಸೆ ಎಣ್ಣೆಯನ್ನೇ ತೆಳ್ಳಗೆ ಹಚ್ಚಿ, ತಾಳ್ಮೆಯಿಂದ ಒಣಗಿಸಿ. ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ ಕುರ್ಚಿಗೆ ಸವರುವ ರೂಢಿ ಹಲವು ಮನೆಗಳಲ್ಲಿದೆ. ಅವು ಒಣಗುವ ಎಣ್ಣೆಗಳಲ್ಲ. ಎರಡು ದಿನ ಹೊಳೆದು, ಆಮೇಲೆ ಧೂಳು ಹಿಡಿದು ಜಿಗುಟಾಗುತ್ತವೆ.

ತೇವದ ಊರುಗಳಲ್ಲಿ ಅಗಸೆ ಎಣ್ಣೆಯ ಮೇಲೆ ಬೂಷ್ಟು ಬರುವುದುಂಟು, ಕರಾವಳಿಯವರು ಇದನ್ನು ಯೋಚಿಸಿ. ಇನ್ನೊಂದು ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಗೆ ಹೋಗದೆ, ಕಡ್ಡಿ ಗೀರದೆಯೇ ಬಟ್ಟೆಗೆ ಬೆಂಕಿ ಹತ್ತಬಹುದು. ಕೆಲಸ ಮುಗಿದ ಕೂಡಲೇ ಬಟ್ಟೆಗಳನ್ನು ಹೊರಗೆ ಒಂದೊಂದಾಗಿ ಬಿಡಿಸಿ ಹರವಿ ಒಣಗಿಸಿ, ಇಲ್ಲಾ ನೀರಿನಲ್ಲಿ ಮುಳುಗಿಸಿಡಿ.

ವಾರ್ನಿಶ್, ಮೆಲಮೈನ್, ಪಿಯು

ಊಟದ ಮೇಜು, ಮಕ್ಕಳು ಓದುವ ಮೇಜು. ಇಂಥ ಕಡೆ ಇವೇ ಗೆಲ್ಲುತ್ತವೆ. ಗಟ್ಟಿ ಪದರ, ನೀರಿಗೆ ಜಗ್ಗುವುದಿಲ್ಲ, ಬಿಸಿಯನ್ನೂ ಅರಗಿಗಿಂತ ಚೆನ್ನಾಗಿ ತಡೆಯುತ್ತದೆ. ಹಚ್ಚಿದ ಮೇಲೆ ವರ್ಷಗಟ್ಟಲೆ ಅತ್ತ ನೋಡಬೇಕಿಲ್ಲ.

ತೊಂದರೆ ಶುರುವಾಗುವುದು ಅದು ಹಾಳಾದಾಗ. ಒಂದು ಮೂಲೆ ಎದ್ದರೆ ಆ ಮೂಲೆಯನ್ನಷ್ಟೇ ಸರಿಮಾಡಲು ಬರುವುದಿಲ್ಲ. ಹೊಸ ಪದರ ಹಳೆಯದರೊಂದಿಗೆ ಬೆರೆಯುವುದಿಲ್ಲ, ಗಡಿ ಎದ್ದು ಕಾಣುತ್ತದೆ. ಇಡೀ ಹಲಗೆ ಕೆರೆಯಬೇಕು. ಕೆರೆದಷ್ಟೂ ಮರ ಸವೆಯುತ್ತದೆ. ಕೆತ್ತನೆ ಇದ್ದರೆ ಅದರ ಅಂಚುಗಳೂ ಮೊಂಡಾಗುತ್ತವೆ.

ಮನೆಯಲ್ಲಿ ಮಾಡುವವರಿಗೆ ಬ್ರಷ್‌ನಿಂದ ಹಚ್ಚುವ, ನೀರಿನಲ್ಲಿ ಬೆರೆಯುವ ಪಿಯು ಒಳ್ಳೆಯದು. ವಾಸನೆ ಕಡಿಮೆ, ಬ್ರಷ್ ನೀರಿನಲ್ಲೇ ತೊಳೆಯಬಹುದು. ಎರಡು ಡಬ್ಬಿ ಬೆರೆಸಿ ಸ್ಪ್ರೇ ಹೊಡೆಯುವ ಪಿಯುನಲ್ಲಿ ಶ್ವಾಸಕೋಶಕ್ಕೆ ಕೆಟ್ಟದ್ದು ಮಾಡುವ ಐಸೋಸೈನೇಟ್ ಇರುತ್ತದೆ. ಬಟ್ಟೆ ಮಾಸ್ಕ್ ಅದಕ್ಕೆ ಸಾಲದು. ಮೆಲಮೈನ್‌ನ ಕಣ್ಣುರಿಯ ವಾಸನೆ ಫಾರ್ಮಾಲ್ಡಿಹೈಡ್‌ನದು, ದಿನಗಟ್ಟಲೆ ಹೋಗುವುದಿಲ್ಲ. ಇವೆರಡನ್ನೂ ಮನೆಯೊಳಗೆ ಮಾಡಬೇಡಿ. ಹಳೆ ಅರಗಿನ ಮೇಲೆ ನೇರವಾಗಿ ಪಿಯು ಹೊಡೆಸುವುದೂ ಬೇಡ. ಮಾಮೂಲಿ ಅರಗಿನಲ್ಲಿ ಸ್ವಲ್ಪ ಮೇಣ ಇರುತ್ತದೆ, ಪಿಯು ಅದರ ಮೇಲೆ ಕೂರದೆ ಸಿಪ್ಪೆ ಏಳುತ್ತದೆ.

ಹಿತದ ಮಾತಿಗೆ ಬಂದರೆ ನನಗೆ ಇದು ಅಷ್ಟಕ್ಕಷ್ಟೇ. ಧೂಳು ಕೂತೀತೆಂಬ ಆತಂಕ, ಬ್ರಷ್ ಗೆರೆ ಮೂಡೀತೆಂಬ ಆತಂಕ. ಒಂದು ಮೈಯನ್ನು ಒಂದೇ ಸಲಕ್ಕೆ ಮುಗಿಸಲೇಬೇಕು.

ಪೇಂಟ್

ಪ್ಲೈವುಡ್ ಶೆಲ್ಫ್, ಪ್ಯಾಕಿಂಗ್ ಮರದ ಸ್ಟೂಲ್, ಬಣ್ಣ ಮಾಸಿದ ಕಬ್ಬಿಣದ ಟ್ರಂಕು, ಬೀರು. ಇವಕ್ಕೆ ಪೇಂಟ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ. ಹಳೆ ಬಣ್ಣ ಉಜ್ಜುವ ಕೆಲಸ ಬಿಟ್ಟು, ಹೊಸದನ್ನು ಬಳಿಯುವಾಗ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಬಹುದು. ಟ್ರಂಕಿನ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಒಂದು ಪದರ, ಮೇಲೆ ಎನಾಮೆಲ್ ಎರಡು ಪದರ. ಅಷ್ಟಾದರೆ ಹಜಾರದಲ್ಲಿ ಟೀಪಾಯ್ ಆಗಿ ಇಡಬಹುದು.

ತೇಗ, ಬೀಟೆಗೆ ಮಾತ್ರ ಬೇಡ. ಆ ಮರದ ರಂಧ್ರಗಳಿಗೆ ಇಳಿದ ಬಿಳಿ ಬಣ್ಣವನ್ನು ಪೂರ್ತಿ ಹೊರಗೆ ತೆಗೆಯುವುದು ಹೆಚ್ಚು ಕಡಿಮೆ ಅಸಾಧ್ಯ.

ಈಗಾಗಲೇ ಹಳೆ ಪೇಂಟ್ ಇರುವ ಸಾಮಾನಿನ ಬಗ್ಗೆ ಒಂದು ಎಚ್ಚರ. ನಮ್ಮ ದೇಶದಲ್ಲಿ ಮನೆ ಬಳಕೆಯ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಜಾಸ್ತಿ ಇರಬಹುದು. ಅಂಥದ್ದನ್ನು ಒಣಗಿದ್ದಾಗ ಉಜ್ಜಬೇಡಿ. ವಾಟರ್ ಪೇಪರ್‌ಗೆ ನೀರು ಹಾಕಿ ಒದ್ದೆಯಾಗಿ ಉಜ್ಜಿ, ಬಂದ ರಾಡಿಯನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಮಕ್ಕಳು, ಬಸುರಿಯರು ಹತ್ತಿರ ಇರಬಾರದು.

ಕೂರುವ ಜಾಗ ಬೆತ್ತದ್ದಾಗಿದ್ದರೆ

ಹಳೆ ಕುರ್ಚಿಗಳಲ್ಲಿ ಹಲವು ಬೆತ್ತದ ಹೆಣಿಗೆಯವು. ಹರಿಯದೆ ಬರೀ ಜೋತುಬಿದ್ದಿದ್ದರೆ, ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅಡಿಯಿಂದ ಒತ್ತಿ ನೆನೆಸಿ, ನೆರಳಿನಲ್ಲಿ ಒಣಗಲು ಬಿಡಿ. ಒಣಗುತ್ತಾ ಬೆತ್ತ ಬಿಗಿಯಾಗುತ್ತದೆ.

ಹರಿದಿದ್ದರೆ ಚೌಕಟ್ಟು ನೋಡಿ. ಸುತ್ತ ಸಾಲಾಗಿ ತೂತುಗಳಿದ್ದರೆ ಕೈ ಹೆಣಿಗೆ. ತೂತಿಲ್ಲದೆ ಸುತ್ತ ಮರದಲ್ಲಿ ಕೊರೆದ ತೋಡು ಇದ್ದರೆ, ರೆಡಿಮೇಡ್ ಬೆತ್ತದ ಜಾಲರಿ ತಂದು ನೆನೆಸಿ, ಆ ತೋಡಿಗೆ ಒತ್ತಿ ಕೂರಿಸಬಹುದು. ಅದು ಒಂದು ಮಧ್ಯಾಹ್ನದ ಕೆಲಸ. ಕೈ ಹೆಣಿಗೆಗೆ ಬಹಳ ಸಂಜೆಗಳು ಬೇಕು. ಬೆತ್ತದ ಎಳೆಯನ್ನು ಅರ್ಧ ಗಂಟೆ ನೆನೆಸಿ, ಉದ್ದಕ್ಕೆ ಒಂದು ಸುತ್ತು, ಅಡ್ಡ ಒಂದು ಸುತ್ತು, ಮತ್ತೆ ಉದ್ದ, ಮತ್ತೆ ಅಡ್ಡ, ಆಮೇಲೆ ಎರಡು ದಿಕ್ಕಿನಿಂದ ಓರೆ. ನಯವಾದ ಮೈ ಮೇಲಿರಬೇಕು. ಧೂಳಿಲ್ಲ, ವಾಸನೆಯಿಲ್ಲ, ಸದ್ದಿಲ್ಲ. ಯಾವ ಎಳೆಯಲ್ಲಿ ಬೇಕಾದರೂ ನಿಲ್ಲಿಸಿ ಏಳಬಹುದು. ರೇಡಿಯೊ ಕೇಳುತ್ತಾ, ಮನೆಯವರೊಂದಿಗೆ ಮಾತಾಡುತ್ತಾ ಮಾಡಬಹುದಾದ ಕೆಲಸ. ಮನಸ್ಸಿಗೆ ಹಿತ ಬೇಕು ಅನ್ನುವುದೇ ನಿಮ್ಮ ಮುಖ್ಯ ಕಾರಣವಾದರೆ, ಈ ಪಟ್ಟಿಯಲ್ಲಿ ನಾನು ಮೊದಲು ಕೈ ತೋರಿಸುವುದು ಇದಕ್ಕೇ. ಪ್ಲಾಸ್ಟಿಕ್ ವಯರ್ ಅಗ್ಗ, ಮಳೆಗೂ ಕೆಡುವುದಿಲ್ಲ. ಜಗಲಿಯ ಮೇಲಿಡುವ ಕುರ್ಚಿಗೆ ಸರಿ, ಒಳಗಿನ ಬೀಟೆ ಕುರ್ಚಿಗೆ ಬೆತ್ತವೇ ಇರಲಿ. ಪಾಲಿಶ್, ಹೆಣಿಗೆ ಎರಡೂ ಇದ್ದರೆ ಮೊದಲು ಪಾಲಿಶ್ ಮುಗಿಸಿ.

ಹಾಗಾದರೆ ಯಾರಿಗೆ ಯಾವುದು

ಬಾಡಿಗೆ ಮನೆ, ಜಾಗ ಕಡಿಮೆ, ಮಗು ಇದೆ ಅಂದರೆ ಮೇಣ ಮತ್ತು ಬೆತ್ತ. ಟರ್ಪೆಂಟೈನ್ ವಾಸನೆಯೂ ಬೇಡವೆಂದರೆ ಟರ್ಪೆಂಟೈನ್ ಇಲ್ಲದ ಸಿದ್ಧ ಮೇಣವನ್ನು ಬಾಲ್ಕನಿಯಲ್ಲಿ ಹಚ್ಚಿ. ಹಿರಿಯರ ಕಾಲದ ಗಟ್ಟಿ ಮರ, ತಿಂಗಳು ಹಿಡಿದರೂ ಪರವಾಗಿಲ್ಲ ಅಂದರೆ ಅರಗು, ಅದರ ಮೇಲೆ ಒಂದು ಕೈ ಮೇಣ. ಹೊಳಪು ಇಷ್ಟವಿಲ್ಲ, ಮರ ಈಗಾಗಲೇ ಬರಿದಾಗಿದೆ, ಊರು ಒಣ ಹವೆಯದು ಅಂದರೆ ಅಗಸೆ ಎಣ್ಣೆ. ಬಯಲುಸೀಮೆಯವರು ಇದನ್ನು ಧೈರ್ಯವಾಗಿ ಆರಿಸಬಹುದು. ದಿನಬಳಕೆಯ ಮೇಜಿಗೆ ನೀರಿನ ಪಿಯು. ಅಗ್ಗದ ಮರಕ್ಕೆ, ಕಬ್ಬಿಣಕ್ಕೆ ಪೇಂಟ್.

ಕಾಲು ಅಲ್ಲಾಡುವ, ಕೀಲು ಬಿಟ್ಟ ಕುರ್ಚಿಯನ್ನು ಮೊದಲು ಬಡಗಿಗೆ ತೋರಿಸಿ. ಮೊಳೆ ಹೊಡೆಯಲು ಬಿಡಬೇಡಿ, ಕೀಲು ಬಿಚ್ಚಿ ಅಂಟು ಹಾಕಿ ಕೂರಿಸಲು ಹೇಳಿ. ಕೆತ್ತನೆ ಅಥವಾ ಮೈಸೂರಿನ ಇನ್‌ಲೇ ಕೆಲಸ (ಮರದಲ್ಲಿ ಬೇರೆ ತುಂಡುಗಳನ್ನು ಕೂರಿಸಿ ಮಾಡಿದ ಚಿತ್ತಾರ) ಇರುವ ಸಾಮಾನನ್ನು ಮನೆಯಲ್ಲಿ ಉಜ್ಜಬೇಡಿ, ತಿಳಿದವರ ಕೈಗೆ ಕೊಡಿ. ಪಾಲಿಶ್ ಹೊರಗೆ ಮಾಡಿಸುವವರು ಮೂರು ಮಾತು ಮುಂಚೆಯೇ ಒಪ್ಪಿಸಿಕೊಳ್ಳಿ: ಸ್ಪಿರಿಟ್ ಪಾಲಿಶೇ ಆಗಬೇಕು, ಸ್ಯಾಂಡಿಂಗ್ ಮಶೀನ್ ಹಾಕಬಾರದು, ಕಪ್ಪು ಬಣ್ಣ ಬೆರೆಸಿ ಮರದ ಗೆರೆ ಮುಚ್ಚಬಾರದು. ಅಡಿಭಾಗದಲ್ಲಿ ಒಂದು ಅಂಗೈಯಷ್ಟು ಜಾಗಕ್ಕೆ ಮಾದರಿ ಹಚ್ಚಿಸಿ, ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ಮುಂಗಡ ಕೊಡಿ.